ಓದುಗರ ಪ್ರಶ್ನೆ: ಡ್ಯಾಮ್ ಒಡೆದ ಮೇಲೆ ಶುರುವಾಗುವ ಆಟ

ಪ್ರಶ್ನೆ: ನಾವು ನಾಲ್ಕು ಗೆಳೆಯರು ಭಾನುವಾರ ಸೇರಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಅದೇ, ಒಬ್ಬ ಕಥೆ ಹೇಳುತ್ತಾ ಉಳಿದವರು ಪಾತ್ರಗಳಾಗಿ ದಾಳ ಉರುಳಿಸಿ ಆಡುವ ಆಟ. ಗುಹೆಗೆ ಹೋಗು, ರಾಕ್ಷಸನನ್ನು ಕೊಲ್ಲು, ಚಿನ್ನ ತಾ. ಇದೇ ಆಗಿ ಬೇಜಾರಾಗಿದೆ. ಮೈ ಜುಮ್ ಅನ್ನಿಸುವ, ಸ್ವಲ್ಪ ವಿಚಿತ್ರವಾದ ಸಪ್ಲಿಮೆಂಟ್ (ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಪುಸ್ತಕ) ಯಾವುದಿದೆ ಸರ್? ನಿಮಗಿಷ್ಟವಾದದ್ದನ್ನೇ ಹೇಳಿ.
(ಓದುಗರೊಬ್ಬರು, ನವನಗರ, ಬಾಗಲಕೋಟೆ)

ಉತ್ತರ: ನವನಗರ ಅಂದಿರಲ್ಲ, ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಮನೆ ಕಳೆದುಕೊಂಡವರಿಗೆ ಕಟ್ಟಿದ ಊರು, ನನ್ನ ಕೆಲಸ ಹಗುರಾಯ್ತು. 'ಡೀಪ್ ಕಾರ್ಬನ್ ಅಬ್ಸರ್ವೇಟರಿ' ತಗೊಳ್ಳಿ. 2014ರದ್ದು, ಬರೆದವರು ಪ್ಯಾಟ್ರಿಕ್ ಸ್ಟುವರ್ಟ್, ಚಿತ್ರ ಸ್ಕ್ರ್ಯಾಪ್ ಪ್ರಿನ್ಸೆಸ್ ಅವರದು. ಆಟ ಶುರುವಾಗುವ ಹೊತ್ತಿಗೇ ಡ್ಯಾಮ್ ಒಡೆದು ಊರು ನೀರಲ್ಲಿದೆ. ಒಂದೇ ಗಳಿಗೆಯಲ್ಲಿ ಹತ್ತು ಕಡೆಯಿಂದ ಕೂಗು ಕೇಳುತ್ತದೆ, ನೀವು ಒಂದು ಕಡೆ ಓಡಿದರೆ ಇನ್ನೊಂದು ಕಡೆಯವರು ಹೋದರು ಅಂತಲೇ ಲೆಕ್ಕ. ಆಮೇಲೆ ಹೊಳೆಗುಂಟ ಮೇಲಕ್ಕೆ ನಡೆದು, ಒಡೆದ ಡ್ಯಾಮ್ ದಾಟಿ, ನೀರು ಬರಿದಾದ ತಳಕ್ಕೆ ಇಳಿಯಬೇಕು. ಅಲ್ಲೇನಿದೆ ಅಂತ ಹೇಳಲ್ಲ, ಆಡಿಯೇ ನೋಡಿ.

ಬೆಳಗಾವಿಯ ನಮ್ಮ ರೂಮಿನಲ್ಲಿ ಇದನ್ನು ಆಡಿಸಿದಾಗ ನಾನು ಹೊಳೆಗೆ ಸುಮ್ನೆ ಕೃಷ್ಣೆ ಅಂತ ಹೆಸರಿಟ್ಟಿದ್ದೆ. ಮೇಜಿನ ಸುತ್ತ ಇದ್ದವರಲ್ಲಿ ಒಬ್ಬನ ಮನೆತನ ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟದ್ದು, ಮುಳುಗಡೆ ಮಂದಿ. ಅವನ ಸರದಿ ಬಂತು. 20 ಮುಖದ ದಾಳ ಕೈಯಲ್ಲೇ ಇತ್ತು, ಉರುಳಿಸಲಿಲ್ಲ. "ತುಳಸಿಕಟ್ಟಿ ಇನ್ನೂ ಕಾಣಸ್ತದೇನು?" ಅಂತ ಕೇಳಿದ. ಪುಸ್ತಕದಲ್ಲಿ ತುಳಸಿಕಟ್ಟೆ ಎಲ್ಲಿಂದ ಬರಬೇಕು! ಕಾಣ್ತದೆ, ದೀಪ ಇಡೋ ಗೂಡಿನವರೆಗೂ ನೀರಿದೆ ಅಂದೆ. ಅಷ್ಟಕ್ಕೇ ಎಲ್ಲರೂ ಸುಮ್ಮನಾದರು, ಚಹಾ ಆರಿ ಕೆನೆ ಕಟ್ಟಿತು. ಅದಕ್ಕೇ ನಿಮಗೊಂದು ಮಾತು: ಆಡುವ ಮುಂಚೆ ನಿಮ್ಮ ಗುಂಪಿನಲ್ಲಿ ಯಾರಿಗೆ ಇದು ಜಾಸ್ತಿ ಆಗಬಹುದು ಅಂತ ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ, ತಪ್ಪು ನನ್ನದೇ.

ಅದೇ ಜೋಡಿಯ 'ವೇನ್ಸ್ ಆಫ್ ದಿ ಅರ್ತ್' (2017) ಕೂಡ ಚೆನ್ನಾಗಿದೆ. ಪೂರ್ತಿ ನೆಲದಡಿಯ ಕತ್ತಲು, ಬೆಳಕೇ ಅಲ್ಲಿನ ದುಡ್ಡು. ಎಣ್ಣೆ ಮುಗಿಯುತ್ತಾ ಬಂದಾಗ ಯಾವ ದೆವ್ವವೂ ಬೇಕಾಗಲ್ಲ. 2009ರ 'ಡೆತ್ ಫ್ರಾಸ್ಟ್ ಡೂಮ್' ಮಾತ್ರ ಹೊಸಬರಿಗೆ ಬೇಡ. ನಮ್ಮವರ ಪಾತ್ರಗಳೆಲ್ಲ ಒಂದೇ ಸಂಜೆ ಸತ್ತು, ಒಬ್ಬ ವಾರಗಟ್ಟಲೆ ಮಾತು ಬಿಟ್ಟಿದ್ದ!

ಪ್ರಶ್ನೆ: ಇದೇ ಆಟದ, ರಕ್ತ ಹೀರುವ ಸ್ಟ್ರಾಡ್ ಎಂಬ ದೊರೆಯ ಕಥೆ 'ಕರ್ಸ್ ಆಫ್ ಸ್ಟ್ರಾಡ್' ಆಡಿಸಬೇಕು ಅಂತಿದ್ದೇನೆ. ಅದರಲ್ಲಿ ಕಣಿ ಹೇಳಲು ಬಳಸುವ ಟಾರೊಕ್ಕಾ ಕಾರ್ಡು ಬೇಕೇ ಬೇಕಾ? ರೇಟು ನೋಡಿ ಗಾಬರಿಯಾಯ್ತು.
(ಓದುಗರೊಬ್ಬರು, ವಿಜಯಪುರ)

ಉತ್ತರ: ಬೇಡವೇ ಬೇಡ. ಟಾರೊಕ್ಕಾದಲ್ಲಿ ಇರುವುದು 54 ಎಲೆ. ನಮ್ಮ ಇಸ್ಪೀಟು ಕಟ್ಟಿನಲ್ಲಿ ಎಕ್ಕದಿಂದ ಹತ್ತರವರೆಗೆ 40, ರಾಜ ರಾಣಿ ಗುಲಾಮ ಸೇರಿ 12, ಜೋಕರ್ 2. ಲೆಕ್ಕ ಸರಿಹೋಯ್ತು ಅಲ್ವಾ? ಯಾವ ಎಲೆಗೆ ಯಾವುದು ಅಂತ 2016ರ ಆ ಪುಸ್ತಕದಲ್ಲೇ ಇದೆ. ಕಣಿ ಹೇಳುವವಳು ಎಲೆ ಬಿಡಿಸಿದ ಮೇಲೇ ಮಂತ್ರದ ಕತ್ತಿ ಎಲ್ಲಿದೆ, ಸ್ಟ್ರಾಡ್ ಎಲ್ಲಿ ಸಿಗುತ್ತಾನೆ ಅನ್ನುವುದು ಗೊತ್ತಾಗುತ್ತದೆ, ಹಾಗಾಗಿ ಇದನ್ನು ಅವಸರದಲ್ಲಿ ಮುಗಿಸಬೇಡಿ. ಹಳೇ ಕಟ್ಟಾದರೆ ಇನ್ನೂ ಒಳ್ಳೇದು. ಜೋಕರ್ ಎರಡೂ ಇವೆಯಾ ಅಂತ ಮೊದಲೇ ಎಣಿಸಿಕೊಳ್ಳಿ, ನಮ್ಮ ಮನೆಯ ಕಟ್ಟಿನಲ್ಲಿ ಒಂದು ಯಾವತ್ತೋ ಕಳೆದಿತ್ತು.