ಪ್ರತಿಕ್ರಿಯೆ: ಫಿಲಿಪೀನ್ಸ್‌ನ ಸೊಸೆಯ ‘ಗಾರ್ಸಿಯಾ’ ಮನೆತನ

ಸೊಸೆಯ ಮನೆತನದ ಹೆಸರು ‘ಗಾರ್ಸಿಯಾ’ ಆಗಿರುವುದರಿಂದ ಅವರ ಪೂರ್ವಜರು ಸ್ಪೇನಿನವರೇ ಎಂದು ಕೇಳಿದ್ದೀರಿ. ನಿಮ್ಮ ಸೊಸೆಯ ಫಿಲಿಪೀನ್ಸ್ ಕುಟುಂಬಕ್ಕೆ ಆ ಹೆಸರು ಬಂದಿರುವುದಕ್ಕೆ ಸ್ಪೇನಿನ ರಕ್ತಸಂಬಂಧಕ್ಕಿಂತ 1849ರ ಸರ್ಕಾರಿ ಆದೇಶವೇ ಕಾರಣವಾಗಿರುವ ಸಂಭವ ಹೆಚ್ಚು. ಆಗ ಸ್ಪೇನಿನ ವಸಾಹತಾಗಿದ್ದ ಫಿಲಿಪೀನ್ಸ್‌ನ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ, ತೆರಿಗೆ ಮತ್ತು ಜನಗಣತಿಯ ಗೊಂದಲ ನೀಗಿಸಲೆಂದು ಅಕ್ಷರಾನುಕ್ರಮದ ಹೆಸರುಪಟ್ಟಿಯನ್ನು ಊರೂರಿಗೆ ಹಂಚಿಸಿದರು; ಕುಟುಂಬಗಳು ತಮ್ಮ ಊರಿಗೆ ಬಂದ ಪಟ್ಟಿಯಿಂದ ಹೆಸರು ಪಡೆಯಬೇಕಿತ್ತು. ಆಲ್ಬಾಯ್ ಪ್ರಾಂತ್ಯದ ಓಆಸ್ ಪಟ್ಟಣದಲ್ಲಿ ಇಂದಿಗೂ ಹೆಚ್ಚಿನ ಮನೆತನಗಳ ಹೆಸರು ‘ಆರ್’ ಅಕ್ಷರದಿಂದ ಆರಂಭವಾಗುವುದು ಅದರ ಗುರುತೇ. ನಾಲ್ಕು ತಲೆಮಾರುಗಳಿಂದ ಒಂದೇ ಹೆಸರು ಬಳಸುತ್ತಿದ್ದುದನ್ನು ತೋರಿಸಬಲ್ಲವರು ಅದನ್ನು ಉಳಿಸಿಕೊಳ್ಳಬಹುದಿತ್ತು.

ಮೊದಲು ಹಿರಿಯರ ಊರು ಯಾವುದೆಂದು ಕೇಳಿ ತಿಳಿಯಿರಿ. ಬಳಿಕ ಅಲ್ಲಿನ ಚರ್ಚಿನ ಜ್ಞಾನಸ್ನಾನದ ದಾಖಲೆಗಳಲ್ಲಿ 1849ರ ಹಿಂದಿನ ಮತ್ತು ಮುಂದಿನ ಪುಟಗಳನ್ನು ಹೋಲಿಸಿ. ಅದೇ ಕುಟುಂಬದ ಹೆಸರು ಆಗ ಬದಲಾಗಿದ್ದರೆ ಅದು ಬಹುತೇಕ ಆದೇಶದ ಫಲ. ಹೆಸರು ಹಳೆಯದಾಗಿದ್ದರೂ ಸ್ಪೇನಿನ ನಂಟು ಖಚಿತವಾಗದು, ಏಕೆಂದರೆ ಸ್ಪೇನಿನಲ್ಲೇ ಅತಿ ಹೆಚ್ಚು ಜನರಿಗಿರುವ ಹೆಸರದು. ಆಗ ಪೂರ್ವಜರ ಹುಟ್ಟೂರಿನ ನಮೂದನ್ನೇ ಹುಡುಕಿ.