ಆ ನಾಲ್ಕು ನಿಮಿಷ ನೀರಿನ ಶಬ್ದ ಯಾಕಿತ್ತು ಅಂದ್ರೆ

ಓದುಗರ ಪತ್ರ: ಮಾನ್ಯ ಸಂಪಾದಕರೇ, ಹೋದ ಸಂಚಿಕೆಯಲ್ಲಿ ನೀವು ಅಷ್ಟೊಂದು ಹೊಗಳಿದ್ದ ಪ್ರಕೃತಿ, ವಿಜ್ಞಾನದ ಕಥೆ ಹೇಳೋ ಪಾಡ್‌ಕಾಸ್ಟನ್ನ ಮೊಮ್ಮಗನ ಕೈಲಿ ಹಾಕಿಸಿಕೊಂಡು ಕೇಳಿದೆ. ಮೂಡಿಗೆರೆ ಕಡೆಯ ಕೊಟ್ಟಿಗೆಹಾರದ ಕುಣಿಯೋ ಕಪ್ಪೆ ಬಗ್ಗೆ ಇದ್ದ ಕಂತು. ನಲವತ್ತು ನಿಮಿಷದಲ್ಲಿ ವಿಷಯ ಅಂತ ಇದ್ದದ್ದು ಹತ್ತು ನಿಮಿಷ. ಶುರುವಲ್ಲಿ ನಾಲ್ಕು ನಿಮಿಷ ಬರೀ ನೀರಿನ ಶಬ್ದ. ಆಮೇಲೆ ಕಥೆ ಹೇಳೋ ಹುಡುಗಿಗೆ ಇಂಬಳ ಹತ್ತಿದ್ದು, ಬಸ್ಸು ತಪ್ಪಿದ್ದು, ಎರಡು ದಿನ ಕಪ್ಪೆ ಕಾಣದೆ ವಾಪಸ್ ಬಂದದ್ದು. ಕೊನೆಗೆ ಮೊಮ್ಮಗ ಒಂದೂವರೆ ಸ್ಪೀಡಿಗೆ ಇಟ್ಟು, ಮಧ್ಯದ ಮೌನ ಕಟ್ ಮಾಡೋ ಆಪ್ಷನ್ನೂ ಹಾಕಿಕೊಟ್ಟ, 24 ನಿಮಿಷಕ್ಕೆ ಮುಗೀತು. 31 ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಹೇಳಿದವನು ನಾನು. ವಿಜ್ಞಾನ ಬೇರೆ, ಕಥೆ ಬೇರೆ. ಎರಡನ್ನೂ ಕಲಸಬೇಡಿ ಅಂತ ಅವರಿಗೆ ಹೇಳಿ.
ನಿವೃತ್ತ ಶಿಕ್ಷಕರು, ಸಕಲೇಶಪುರ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಆ ಪಾಡ್‌ಕಾಸ್ಟ್ ಕೇಳಿ ನಿಮ್ಮ ಅಭಿಪ್ರಾಯ ಬರೀರಿ ಅಂತ ಹೋದ ಸಂಚಿಕೆಯಲ್ಲಿ ನಾವೇ ಕೇಳಿದ್ವಿ, ಒಂದು ಕಟ್ಟು ಪತ್ರ ಬಂದಿದೆ. ಬೇಲೂರಿನ ಟೈಲರ್ ಒಬ್ಬರು ಕಪ್ಪೆ ಕೂಗೋ ಜಾಗ ಬಂದಾಗ ಮಿಷನ್ ತುಳಿಯೋದು ನಿಲ್ಲಿಸಿ ಕೇಳಿದ್ರಂತೆ. ಅರಸೀಕೆರೆ ಕಡೆಯ ಕಾಲೇಜು ಹುಡುಗಿ, ನಮ್ಮೂರಲ್ಲಿ ಇಂಥ ಹಳ್ಳ ನಾನು ನೋಡೇ ಇಲ್ಲ, ಇಯರ್‌ಫೋನ್ ಹಾಕ್ಕೊಂಡು ಕಣ್ಮುಚ್ಚಿ ಎರಡು ಸಲ ಕೇಳಿದೆ ಅಂತ ಬರೆದಿದ್ದಾಳೆ. ಕೊಪ್ಪದ ಎಸ್ಟೇಟ್ ರೈಟರ್ ಒಬ್ಬರಿಗೆ ಆ ನಿರೂಪಕಿ ನಗೋದು ಜಾಸ್ತಿ ಆಯ್ತು. ಮಿಕ್ಕ ಸುಮಾರು ಜನ ವಾಯ್ಸ್ ಚೆನ್ನಾಗಿದೆ, ವಾಯ್ಸ್ ಚೆನ್ನಾಗಿಲ್ಲ ಅಂತಷ್ಟೇ ಬರೆದು ಕೈ ತೊಳ್ಕೊಂಡಿದ್ದಾರೆ. ವಿಜ್ಞಾನ ಹೇಳೋದು ಹೇಗೆ ಅನ್ನೋ ಮೂಲಕ್ಕೇ ಕೈ ಹಾಕಿದ್ದು ನಿಮ್ಮದೊಂದೇ ಪತ್ರ, ಅದಕ್ಕೇ ಇಷ್ಟುದ್ದ ಉತ್ತರ.

ಮೊದಲು ನಿಮ್ಮ ಕಡೆ ಇರೋ ನ್ಯಾಯ ಹೇಳಿಬಿಡ್ತೀನಿ. ಮ್ಯೂಸಿಕ್ಕು ಕೆಲವು ಕಡೆ ಜಾಸ್ತಿನೇ ಆಗಿದೆ, ಪಿಟೀಲು ಅಳೋ ಹಾಗೆ ನುಡಿಸಿದ್ರೆ ಮಾತ್ರ ಜನಕ್ಕೆ ಮರುಕ ಬರುತ್ತೆ ಅಂದ್ಕೊಂಡಿದ್ದಾರೆ. ಕಥೆ ಕೈ ಮೀರಿದ್ರೆ ಏನಾಗುತ್ತೆ ಅನ್ನೋದಕ್ಕೂ ದೊಡ್ಡ ಉದಾಹರಣೆ ಇದೆ, 1958ರಲ್ಲಿ ಬಂದ ಒಂದು ಅಮೆರಿಕನ್ ಪ್ರಕೃತಿ ಸಿನಿಮಾದಲ್ಲಿ ಲೆಮ್ಮಿಂಗ್ ಅನ್ನೋ ಇಲಿ ಜಾತಿಯ ಪ್ರಾಣಿಗಳು ಗುಂಪುಗುಂಪಾಗಿ ಹೋಗಿ ನೀರಿಗೆ ಹಾರಿ ಸಾಯ್ತವೆ ಅಂತ ತೋರಿಸಿದ್ರು, ಆ ಪ್ರಾಣಿಗಳನ್ನ ಬೇರೆ ಕಡೆಯಿಂದ ತಂದು ತಾವೇ ತಳ್ಳಿ ಶೂಟಿಂಗ್ ಮಾಡಿದ್ದು ಅಂತ ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು. ಆ ಸುಳ್ಳು ಇವತ್ತಿಗೂ ಜನರ ಬಾಯಲ್ಲಿದೆ. ಹಾಗಾಗಿ ಕಥೆ ಅಂದ ತಕ್ಷಣ ನಿಮಗೆ ಅನುಮಾನ ಬರೋದು ಸರಿ.

ಆದ್ರೆ ಮೇಷ್ಟ್ರೇ, ಆ ನಾಲ್ಕು ನಿಮಿಷದ ನೀರಿನ ಶಬ್ದ ಇದ್ಯಲ್ಲ, ಅದನ್ನ ಮಾತ್ರ ನಾನು ಬಿಟ್ಟುಕೊಡಲ್ಲ. ಇಡೀ ಕಂತಿನ ವಿಜ್ಞಾನ ಕೂತಿರೋದೇ ಅಲ್ಲಿ.

ಆ ಕಪ್ಪೆ ಯಾಕೆ ಕುಣಿಯುತ್ತೆ? ಸಾಮಾನ್ಯವಾಗಿ ಗಂಡು ಕಪ್ಪೆ ಕೂಗುತ್ತೆ, ಹೆಣ್ಣು ಕೇಳಿಸ್ಕೊಂಡು ಬರುತ್ತೆ, ಗದ್ದೆ ಬದಿಯಲ್ಲಿ ಕೆರೆ ಅಂಚಲ್ಲಿ ಅಷ್ಟು ಸಾಕು. ಈ ಕಪ್ಪೆ ಇರೋದು ಕಲ್ಲಿಂದ ಕಲ್ಲಿಗೆ ಧುಮುಕೋ ಹಳ್ಳದಲ್ಲಿ, ಅಲ್ಲಿ ಪಕ್ಕದಲ್ಲಿ ನಿಂತವರ ಮಾತೇ ಕೇಳಲ್ಲ, ಇನ್ನು ಹೆಬ್ಬೆರಳಿನ ತುದಿಯಷ್ಟಿರೋ ಕಪ್ಪೆ ಕೂಗು ಎಲ್ಲಿ ಕೇಳಬೇಕು. ಅದಕ್ಕೇ ಅದು ಕೂಗಿನ ಜೊತೆ ಕಾಲನ್ನೂ ಸೇರಿಸ್ಕೊಂಡಿದೆ, ಹಿಂಗಾಲನ್ನ ಉದ್ದಕ್ಕೆ ಚಾಚಿ, ಬೆರಳಿನ ನಡುವಿನ ಪೊರೆ ಬಿಡಿಸಿ, ಬಾವುಟ ಬೀಸಿದ ಹಾಗೆ ಬೀಸುತ್ತೆ, ಇನ್ನೊಂದು ಗಂಡಿಗೆ ಇದು ನನ್ನ ಕಲ್ಲು ಅಂತ ಹೇಳೋಕೆ. ವಿಜ್ಞಾನಿಗಳು ಕೊಡೋ ಕಾರಣ ಇದು. ಈಗ ಹೇಳಿ, ನೀರಿನ ಸದ್ದು ಕೇಳಿಸದೆ ಕಪ್ಪೆ ಕಾಲು ಎತ್ತಿತು ಅಂತ ಹೇಳಿದ್ರೆ ಅದು ಮಾಹಿತಿ ಅಷ್ಟೇ, ಪರೀಕ್ಷೆಗೆ ಎರಡು ಮಾರ್ಕ್ಸಿನ ಪ್ರಶ್ನೆ. ಆ ಗದ್ದಲದಲ್ಲಿ ನಾಲ್ಕು ನಿಮಿಷ ಕೂರಿಸಿ, ನಿಮಗೇ ಬೇಜಾರಾಗಿ, ಥೂ ಏನೂ ಕೇಳ್ತಿಲ್ವಲ್ಲ ಅನ್ನಿಸಿ, ಆಮೇಲೆ ಕಾಲು ಎತ್ತಿದ್ದು ಹೇಳಿದ್ರೆ ಕಾರಣ ನಿಮಗೇ ಹೊಳೆಯುತ್ತೆ. ಬರೀ ನೀರಿನ ಶಬ್ದ ಅಂದ್ರಲ್ಲ, ಆ ಕಪ್ಪೆ ಪಾಡೂ ಅದೇ ಸಾರ್.

ನಾನೂ ಒಂದು ಅಕ್ಟೋಬರ್‌ನಲ್ಲಿ ಹೋಗಿದ್ದೆ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಕಡೆ ಇಳಿಯೋ ದಾರಿಯಲ್ಲಿ, ಪರಿಚಯದವರ ತೋಟದ ಕೆಳಗಿನ ಹಳ್ಳಕ್ಕೆ. ಮಳೆ ಜೋರಾಗಿದ್ದಾಗ ಈ ಕಪ್ಪೆ ಆಟ ಇರಲ್ಲ, ಮಳೆ ಕಮ್ಮಿಯಾಗಿ ಹಳ್ಳ ಇಳಿದು ಕಲ್ಲು ತಲೆ ಎತ್ತಿದ ಮೇಲೆ ಶುರು. ಒಂದು ಕಲ್ಲಿನ ಮೇಲೆ ಕೂತೆ, ಕಾಲ ಬುಡದಲ್ಲಿ ಇಂಬಳ ಹತ್ತುತ್ತಾ ಇದ್ರೂ ಅಲ್ಲಾಡೋ ಹಾಗಿಲ್ಲ. ಮುಕ್ಕಾಲು ಗಂಟೆ ಏನೂ ಇಲ್ಲ, ಒದ್ದೆ ಕಲ್ಲು, ಪಾಚಿ, ಕೊಳೆತ ಎಲೆ. ಆಮೇಲೆ ನನ್ನಿಂದ ಎರಡು ಮಾರು ದೂರದಲ್ಲಿ, ಅಲ್ಲೀವರೆಗೆ ನಾನು ಎಲೆ ಅಂದ್ಕೊಂಡಿದ್ದ ಒಂದು ಕಂದು ಚುಕ್ಕೆ ಗಂಟಲು ಉಬ್ಬಿಸಿತು, ಬೆಳ್ಳಗೆ ಒಂದು ಮಣಿ ಹೊತ್ತಿಕೊಂಡ ಹಾಗೆ. ಕೂಗು ಕೇಳಿಸ್ತೋ ಇಲ್ವೋ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಬಲಗಾಲು ನಿಧಾನಕ್ಕೆ ಹಿಂದಕ್ಕೆ ಹೋಯ್ತು, ಪೂರ್ತಿ ಚಾಚಿತು, ಬೆರಳು ಅರಳಿತು, ಮಡಿಚಿಕೊಳ್ತು. ಎದುರಿನ ಕಲ್ಲಿಂದ ಇನ್ನೊಂದು ಕಾಲು. ಅಷ್ಟೇ ಸಾರ್ ನಾನು ನೋಡಿದ್ದು, ಒಂದು ನಿಮಿಷವೂ ಇಲ್ಲ. ಆ ಮುಕ್ಕಾಲು ಗಂಟೆ ಕಟ್ ಮಾಡಿ ಆ ಒಂದು ನಿಮಿಷ ಮಾತ್ರ ಮೊಬೈಲಲ್ಲಿ ತೋರಿಸಿದ್ರೆ ನಾನೂ ಲೈಕ್ ಒತ್ತಿ ಮುಂದಕ್ಕೆ ಹೋಗ್ತಿದ್ದೆ.

ಇನ್ನು ನಿಮ್ಮ ಮೊಮ್ಮಗ ಇಟ್ಟುಕೊಟ್ಟ ಒಂದೂವರೆ ಸ್ಪೀಡು. ಅವನ ಮೇಲೆ ನನಗೇನೂ ಸಿಟ್ಟಿಲ್ಲ, ತಾತ ಪಾಡ್‌ಕಾಸ್ಟ್ ಕೇಳ್ಲಿ ಅಂತ ಕೂತು ಹಾಕಿಕೊಟ್ಟ ಹುಡುಗ ಒಳ್ಳೆಯವನೇ. ಆದ್ರೆ ಅವನಿಗೆ ಇದೊಂದು ಹೇಳಿ. ಅಮೆರಿಕಾದಲ್ಲಿ ಬೂದು ಬಣ್ಣದ ಎರಡು ಮರಗಪ್ಪೆ ಜಾತಿ ಇವೆ, ಪಕ್ಕಪಕ್ಕ ಇಟ್ರೆ ಯಾರಿಗೂ ಬೇರೆ ಅಂತ ಗೊತ್ತಾಗಲ್ಲ, ಆದ್ರೆ ಒಂದರ ಜೀವಕೋಶದಲ್ಲಿ ಇನ್ನೊಂದರ ಎರಡರಷ್ಟು ಕ್ರೋಮೋಸೋಮು. ಹೆಣ್ಣು ಕಪ್ಪೆ ತನ್ನ ಜಾತಿ ಗಂಡನ್ನ ಹೇಗೆ ಗುರುತು ಹಿಡಿಯುತ್ತೆ ಅಂದ್ರೆ ಕೂಗಿನ ಒಳಗೆ ಇರೋ ಟ್ರ್ ಟ್ರ್ ಟ್ರ್ ಅನ್ನೋ ಬಡಿತ ಎಷ್ಟು ಬೇಗ ಬೇಗ ಬರುತ್ತೆ ಅನ್ನೋದರ ಮೇಲೆ. ಅಂದ್ರೆ ಎರಡು ಸದ್ದಿನ ಮಧ್ಯದ ಖಾಲಿ ಜಾಗವೇ ಅದಕ್ಕೆ ಆಧಾರ್ ಕಾರ್ಡು. ಆ ಕೂಗನ್ನ ಒಂದೂವರೆ ಸ್ಪೀಡಿಗೆ ಇಟ್ರೆ ಅದು ಆ ಕಪ್ಪೆಯೇ ಅಲ್ಲ. ಹಂಗೇ ರಾತ್ರಿ ಹುಲ್ಲಲ್ಲಿ ಕಿರ್ ಕಿರ್ ಅನ್ನೋ ಹುಳಗಳು ಬಿಸಿ ಹೆಚ್ಚಾದ್ರೆ ಬೇಗ ಬೇಗ ಕೂಗ್ತವೆ, ಚಳಿ ಆದ್ರೆ ನಿಧಾನ, ಅಮೆರಿಕಾದ ಡಾಲ್ಬೇರ್ ಅನ್ನೋರು 1897ರಲ್ಲೇ ಆ ಕೂಗು ಎಣಿಸಿ ಎಷ್ಟು ಡಿಗ್ರಿ ಅಂತ ಹೇಳೋ ಲೆಕ್ಕ ಬರೆದಿಟ್ಟಿದ್ದಾರೆ. ಸ್ಪೀಡು ಏರಿಸಿದ್ರೆ ಮೂಡಿಗೆರೆಯ ಡಿಸೆಂಬರ್ ರಾತ್ರಿ ರಾಯಚೂರಿನ ಮೇ ತಿಂಗಳಾಗಿ ಕೇಳುತ್ತೆ.

ಕಾಫಿ ನಾಡಿನವರಿಗೆ ಈ ಕಾಯೋದು ಹೇಳಿಕೊಡಬೇಕಾ? ನಮ್ಮಪ್ಪ ಮಳೆ ರಿಜಿಸ್ಟರ್ ಬರೀತಿದ್ರು, ಉದ್ದದ ಲೆಕ್ಕದ ಪುಸ್ತಕ, ಪ್ರತಿ ದಿನ ಎಷ್ಟು ಸೆಂಟ್, ಅಂದ್ರೆ ಇಂಚಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ ಎಷ್ಟು ಮಳೆ, ಬಿತ್ತು ಅಂತ. ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂ ಬಿಡಿಸೋ ಹೂಮಳೆ ಒಂದು ಇಂಚು ಬಿದ್ರೆ ಊರಲ್ಲೆಲ್ಲಾ ಫೋನು, ನಿಮ್ಮಲ್ಲಿ ಎಷ್ಟು ಬಿತ್ತು, ನಿಮ್ಮಲ್ಲಿ ಎಷ್ಟು ಬಿತ್ತು. ಆಮೇಲೆ ಎಂಟೊಂಬತ್ತು ದಿನ ರಿಜಿಸ್ಟರಲ್ಲಿ ಏನೂ ಇರ್ತಿರಲಿಲ್ಲ, ಬರೀ ಗೀಟು. ಆಮೇಲೆ ಒಂದು ದಿನ ಅಪ್ಪನ ಅಕ್ಷರದಲ್ಲಿ, ಹೂ. ಒಂದೇ ಅಕ್ಷರ. ಆ ಗೀಟುಗಳ ಅಷ್ಟೂ ದಿನ, ಒಣಗಿ ನಿದ್ದೆ ಹೋಗಿದ್ದ ಮೊಗ್ಗು ನೀರು ಕುಡಿದು ಎದ್ದು ಉಬ್ಬುತ್ತಾ ಇರುತ್ತೆ. ರೊಬಸ್ಟಾ ಕಾಫಿಗಂತೂ ತನ್ನ ಪರಾಗ ತನಗೇ ಆಗಲ್ಲ, ಬೇರೆ ಗಿಡದ್ದೇ ಬೇಕು, ಗಾಳಿ ತರಬೇಕು ಇಲ್ಲಾ ಜೇನು ತರಬೇಕು, ಹೂ ಬಿಟ್ಟ ದಿನ ಬೆಳಿಗ್ಗೆ ತೋಟದಲ್ಲಿ ನಿಂತ್ರೆ ಹೆಜ್ಜೇನಿನ ಸದ್ದಿಗೆ ಗಿಡವೇ ಗುಂಯ್ ಅಂತಿದೆಯೇನೋ ಅನ್ನಿಸುತ್ತೆ. ಮಳೆ ಬಿತ್ತು, ಹೂ ಬಿಡ್ತು ಅಂತ ಎರಡೇ ಸಾಲು ಬರೆದ್ರೆ ನಡುವಿನ ಆ ಗೀಟು ಯಾರಿಗೆ ಕಾಣುತ್ತೆ.

ಎರಡು ದಿನ ಕಪ್ಪೆ ಕಾಣದೆ ವಾಪಸ್ ಬಂದದ್ದು ನಮಗ್ಯಾಕೆ ಅಂದ್ರಿ. ಡಾರ್ವಿನ್ ಸಾಹೇಬ್ರ ಕಥೆ ನಿಮಗೆ ಗೊತ್ತಿರುತ್ತೆ, ಮಡಗಾಸ್ಕರ್‌ನ ಒಂದು ಬಿಳಿ ಆರ್ಕಿಡ್ ಹೂವಿಗೆ ಸುಮಾರು ಒಂದಡಿ ಉದ್ದದ ಮಕರಂದದ ಕೊಳವೆ, ಅದನ್ನ ನೋಡಿ 1862ರಲ್ಲಿ ಅವರು, ಇಷ್ಟುದ್ದದ ಹೀರುಗೊಳವೆ ಇರೋ ಪತಂಗ ಅಲ್ಲಿ ಇರಲೇಬೇಕು ಅಂದ್ರು. 1882ರಲ್ಲಿ ತೀರಿಕೊಂಡ್ರು, ಪತಂಗ ನೋಡಲಿಲ್ಲ. ಅದು ಸಿಕ್ಕಿ ಹೆಸರಿಟ್ಟದ್ದು 1903ರಲ್ಲಿ. ನಡುವೆ 41 ವರ್ಷ ಕಾಣಲಿಲ್ಲ, ಕಾಣಲಿಲ್ಲ, ಕಾಣಲಿಲ್ಲ. ಆ ಕಾಣಲಿಲ್ಲ ಅನ್ನೋದನ್ನ ತೆಗೆದುಬಿಟ್ರೆ ಡಾರ್ವಿನ್ ಭವಿಷ್ಯ ಹೇಳೋ ಜೋಯಿಸರ ಥರ ಕಾಣ್ತಾರೆ. ಮಕ್ಕಳಿಗೆ ನಾವು ಹಾಗೇ ಹೇಳಿಕೊಡ್ತಾ ಇರೋದು, ಇಂಥವರು ಇಂಥದ್ದನ್ನ ಕಂಡುಹಿಡಿದರು, ಮುಗೀತು. ಆ ಹುಡುಗಿ ಎರಡು ದಿನ ಖಾಲಿ ಕೈಲಿ ಬಂದೆ ಅಂತ ಮೈಕ್ ಮುಂದೆ ಹೇಳಿದ್ದು ಪ್ರಾಮಾಣಿಕತೆ ಸಾರ್, ಅದಕ್ಕೆ ನೀವು ಮಾರ್ಕ್ಸ್ ಕೊಡಬೇಕಿತ್ತು.

ಈ ಜಗಳ ನಮ್ಮಲ್ಲಿ ಮಾತ್ರ ಇರೋದೂ ಅಲ್ಲ. ನ್ಯೂಯಾರ್ಕಿನಲ್ಲಿ 2002ರಲ್ಲಿ ಶುರುವಾದ ರೇಡಿಯೋಲ್ಯಾಬ್ ಅನ್ನೋ ವಿಜ್ಞಾನದ ರೇಡಿಯೋ ಕಾರ್ಯಕ್ರಮದ ಕೇಳುಗರಲ್ಲೂ ಎರಡು ಪಾರ್ಟಿ, ಸದ್ದು ಸಂಗೀತ ಕಟ್ಟಿರೋ ರೀತಿಗೆ ಜೀವ ಬಿಡೋರು ಒಂದು ಕಡೆ, ನೇರವಾಗಿ ಹೇಳ್ರಪ್ಪ ಅನ್ನೋರು ಇನ್ನೊಂದು ಕಡೆ. ಅದನ್ನ ಹುಟ್ಟುಹಾಕಿದ ಜಾಡ್ ಅಬುಮ್ರಾದ್ ಸಂಗೀತ ಸಂಯೋಜನೆ ಓದಿದವರು. ಬೇಕಾದ್ರೆ ಕೇಳಿ ನೋಡಿ.

ನನಗೆ ನಿಜವಾಗಿ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ನಾನು ಏಳನೇ ಕ್ಲಾಸಲ್ಲಿದ್ದಾಗ ಕಪ್ಪೆ ಪಾಠ ನಡೀತಿತ್ತು, ಜುಲೈ ತಿಂಗಳು, ಸ್ಕೂಲಿನ ಹಿಂದೆ ಗದ್ದೆ, ನೂರಾರು ಕಪ್ಪೆ ಒಟ್ಟಿಗೆ ವಟಗುಟ್ತಾ ಇದ್ವು. ಪಾಠ ಕೇಳಲ್ಲ ಅಂತ ಕಿಟಕಿ ಹಾಕಿಸಿದ್ರು. ಕಪ್ಪೆಯ ಹೃದಯಕ್ಕೆ ಮೂರು ಕೋಣೆ ಅಂತ ಬೋರ್ಡ್ ಮೇಲೆ ಬರೆದದ್ದು ನನಗೆ ಇನ್ನೂ ನೆನಪಿದೆ, ಹೊರಗೆ ಕೂಗ್ತಿದ್ದದ್ದು ಯಾವ ಕಪ್ಪೆ ಅಂತ ಇವತ್ತಿಗೂ ಗೊತ್ತಿಲ್ಲ. ಆ ಮೇಷ್ಟ್ರು ಕೆಟ್ಟವರಲ್ಲ, ಸಿಲಬಸ್ ಮುಗಿಸಬೇಕಿತ್ತು. ಈಗಂತೂ ಮಕ್ಕಳಿಗೆ ಪಾಠಪುಸ್ತಕವೂ ಬೇಡ, ಗೈಡು ಸಾಕು, ದ್ಯುತಿಸಂಶ್ಲೇಷಣೆ ಅನ್ನೋ ಪದ ತಪ್ಪಿಲ್ಲದೆ ಬರೀತಾರೆ, ಹಿತ್ತಲಲ್ಲಿರೋ ಗಿಡದ ಎಲೆ ಮುಟ್ಟಿ ಇದರಲ್ಲೇ ಅದು ನಡೀತಿರೋದು ಅಂತ ಯಾರೂ ತೋರಿಸಿರಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, 36 ಸಾವಿರ ಕಿಲೋಮೀಟರ್ ಮೇಲಿರೋ ಉಪಗ್ರಹಗಳನ್ನ ಅಲ್ಲಿ ಕೂತು ನೋಡ್ಕೊಳ್ತಾರೆ, ಅದೇ ರಸ್ತೆಯಲ್ಲಿ ದಿನಾ ಬಸ್ಸಲ್ಲಿ ಓಡಾಡೋ ಕಾಲೇಜು ಹುಡುಗರನ್ನ ಆ ದೊಡ್ಡ ತಟ್ಟೆಯಂಥ ಆಂಟೆನಾ ಯಾಕಿದೆ ಅಂತ ಕೇಳಿದ್ರೆ ಟಿವಿಗೆ ಇರಬೇಕು ಅಂತಾರೆ. ಅವರ ತಪ್ಪಲ್ಲ, ಯಾರೂ ಕಥೆ ಹೇಳಿಲ್ಲ. ನಮ್ಮ ಪತ್ರಿಕೆಯಲ್ಲೂ ರಾಶಿಭವಿಷ್ಯದ ಪುಟಕ್ಕೆ ಜಾಹೀರಾತು ತಾನಾಗೇ ಬರುತ್ತೆ, ವಿಜ್ಞಾನದ ಪುಟಕ್ಕೆ ನಾನೇ ಫೋನ್ ಮಾಡಿ ಮಾಡಿ ಕೇಳಬೇಕು.

ಇದೇ ಕಪ್ಪೆ ವಿಷಯ ತಗೊಳ್ಳಿ. ಇದನ್ನ 1937ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯಿಸಿದ್ದು ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್, 1932ರಲ್ಲಿ ಶುರುವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರು. ಊರಿನ ಹೆಸರನ್ನೇ ಕಪ್ಪೆಗೆ ಇಟ್ರು, ಈಗಿನ ವೈಜ್ಞಾನಿಕ ಹೆಸರು ಮಿಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. 2014ರಲ್ಲಿ ಕಪ್ಪೆ ವಿಜ್ಞಾನಿ ಎಸ್.ಡಿ. ಬಿಜು ಅವರ ತಂಡ ಪಶ್ಚಿಮಘಟ್ಟದಲ್ಲಿ ಇಂಥದ್ದೇ ಕುಣಿಯೋ ಕಪ್ಪೆಗಳ 14 ಹೊಸ ಜಾತಿ ಒಟ್ಟಿಗೆ ಹೇಳಿತು. ನಾನು ಆವತ್ತು ಹಳ್ಳದಿಂದ ಬಂದು ಕೊಟ್ಟಿಗೆಹಾರದ ಹೋಟೆಲಲ್ಲಿ ನೀರುದೋಸೆ ತಿಂತಾ ಅಕ್ಕಪಕ್ಕದವರನ್ನ ಕೇಳಿದೆ, ನಿಮ್ಮೂರ ಹೆಸರಿನ ಕಪ್ಪೆ ಇದೆಯಂತೆ ಗೊತ್ತಾ ಅಂತ. ಗೊತ್ತಿದ್ದದ್ದು ಒಬ್ಬರಿಗೆ. ಯಾರು ಗೊತ್ತಾ ಸಾರ್, ದೋಸೆ ತಂದುಕೊಟ್ಟ ಹುಡುಗ. ಎಲ್ಲಿ ಓದಿದ್ಯಪ್ಪ ಅಂದೆ. ಓದಿಲ್ಲ ಸಾರ್, ಮೊಬೈಲಲ್ಲಿ ಒಂದು ಅಕ್ಕ ಹೇಳಿದ್ಲು, ಮೊದ್ಲು ನಮ್ಮ ಹಳ್ಳದ ಸದ್ದು ಬರುತ್ತೆ, ನಾನು ಅದು ಕೇಳೇ ನಮ್ಮ ಕಡೇದು ಅಂತ ಗುರ್ತು ಹಿಡಿದೆ ಅಂದ.

ಅವನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಯಾವುದೋ ಸರ್ಕಾರಿ ಹೈಸ್ಕೂಲಲ್ಲಿ ನಿಮ್ಮ ಥರದವರ ಕೈಗೆ ಸಿಕ್ಕಿದ್ರೆ ಮುಂದೆ ಓದ್ತಿದ್ದನೋ ಏನೋ. 31 ವರ್ಷ ಪಾಠ ಹೇಳಿ, ಇವತ್ತಿಗೂ ಒಂದು ಪಾಡ್‌ಕಾಸ್ಟ್ ಕೇಳಿ ಸಿಟ್ಟು ಬಂದು ಪೆನ್ನು ಹಿಡಿದು ಪತ್ರ ಬರೆಯೋ ಮೇಷ್ಟ್ರು ಎಷ್ಟು ಜನ ಇದ್ದಾರೆ ಹೇಳಿ. ಅದಕ್ಕೇ ನಿಮ್ಮ ಹತ್ತಿರ ಒಂದು ಕೇಳ್ಕೋತೀನಿ. ಮೊಮ್ಮಗನಿಗೆ ಹೇಳಿ ಸ್ಪೀಡು ಒಂದಕ್ಕೆ ತನ್ನಿ, ಆ ಮೌನ ಕತ್ತರಿಸೋ ಆಪ್ಷನ್ ತೆಗೆಸಿ, ರಾತ್ರಿ ಊಟ ಆದ್ಮೇಲೆ ಲೈಟ್ ಆರಿಸಿ ಆ ಕಂತು ಇನ್ನೊಂದು ಸಲ ಹಾಕಿ, ಹುಡುಗನನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಸುಮಾರು ಮೂರೂವರೆ ನಿಮಿಷದ ಹತ್ತಿರ ನೀರಿನ ಸದ್ದಿನ ಅಡಿಯಲ್ಲಿ ಟಿಕ್ ಟಿಕ್ ಅಂತ ತೀರಾ ಸಣ್ಣಕ್ಕೆ ಒಂದು ಸದ್ದಿದೆ. ನಿಮಗೆ ಕೇಳಿಸ್ತಾ, ಅವನಿಗೆ ಮೊದಲು ಕೇಳಿಸ್ತಾ ಅಂತ ಬರೀರಿ. ಆಗಲೂ ಇಷ್ಟ ಆಗಲಿಲ್ಲ ಅಂದ್ರೆ ಅದನ್ನೂ ಬರೀರಿ, ಒಂದಕ್ಷರ ತೆಗೆಯದೆ ಹಾಕ್ತೀನಿ. ಅಕ್ಟೋಬರ್‌ನಲ್ಲಿ ನಾನು ಮತ್ತೆ ಆ ಹಳ್ಳಕ್ಕೆ ಹೋಗ್ತಿದ್ದೀನಿ, ಸಕಲೇಶಪುರದಿಂದ ಬೆಳಿಗ್ಗೆ ಹೊರಟ್ರೆ ಆರಾಮಾಗಿ ಬರಬಹುದು, ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ನಾನು ತರ್ತೀನಿ.