ಎಬಿಎಸ್ ದೀಪ ಹತ್ತಿ ಆರುತ್ತಿದ್ದರೆ ಮೊದಲು ಚಕ್ರ ಬಿಚ್ಚಿ ನೋಡಿ

ಪ್ರಶ್ನೆ: ನನ್ನದು 2012ರ ಸಣ್ಣ ಪೆಟ್ರೋಲ್ ಕಾರು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಮಾದರಿ. ಮನೆ ತಲುಪಲು ಕೊನೆಯಲ್ಲಿ ಒಂದಷ್ಟು ದೂರ ಕಾಫಿ ತೋಟದ ಮಣ್ಣು ರಸ್ತೆ. ಈ ಮಳೆಗಾಲದಿಂದ ಒಂದು ತೊಂದರೆ ಕಾಡುತ್ತಿದೆ. ಬ್ರೇಕ್ ಒತ್ತಿ ಕಾರು ಇನ್ನೇನು ನಿಲ್ಲಬೇಕು ಎನ್ನುವಾಗ ಪೆಡಲ್ ಪಾದದಡಿಯಲ್ಲಿ ಗಡಗಡ ನಡುಗುತ್ತದೆ, ಕಾರು ಒಂದು ಮಾರು ಮುಂದೆ ಹೋಗಿ ನಿಲ್ಲುತ್ತದೆ. ಒಣ ರಸ್ತೆಯಲ್ಲೂ ಹೀಗೆಯೇ. ವೇಗದಲ್ಲಿದ್ದಾಗ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಕೆಲವು ದಿನ ಎಬಿಎಸ್ ದೀಪವೂ ಹತ್ತುತ್ತದೆ. ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಆರುತ್ತದೆ. ಗ್ಯಾರೇಜಿಗೆ ಒಯ್ದ ದಿನ ಮಾತ್ರ ಏನೂ ಕಾಣಿಸುವುದಿಲ್ಲ. ಒಬ್ಬರು ಎಬಿಎಸ್ ಯೂನಿಟ್ಟನ್ನೇ ಬದಲಿಸಬೇಕು ಎಂದರು. ಇನ್ನೊಬ್ಬರು ಫ್ಯೂಸ್ ಕಿತ್ತುಬಿಡಿ, ಹಿಂದೆಲ್ಲ ಕಾರುಗಳು ಎಬಿಎಸ್ ಇಲ್ಲದೆಯೇ ಓಡಿಲ್ಲವೇ ಎಂದರು. ಮುಂದಿನ ತಿಂಗಳು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕಾಗಿದೆ. ಏನು ಮಾಡಲಿ?
— ನಿವೃತ್ತ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು

ಉತ್ತರ: ಮೇಡಂ, ಎರಡು ಸಲಹೆಗಳನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿಯೇ ಅರ್ಧ ಉತ್ತರವಿದೆ. ನಿಲ್ಲುವ ಹೊತ್ತಿಗೆ ಮಾತ್ರ ನಡುಗುತ್ತದೆ, ವೇಗದಲ್ಲಿ ಸರಿಯಿರುತ್ತದೆ ಎಂದು ಬರೆದಿದ್ದೀರಿ. ಇಷ್ಟು ಸ್ಪಷ್ಟವಾಗಿ ಹೇಳುವ ಗಿರಾಕಿಗಳು ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿನಲ್ಲಿ ಬಹಳ ಕಡಿಮೆ.

ಪ್ರತಿ ಚಕ್ರದ ಬಳಿ ಒಂದು ವೀಲ್ ಸ್ಪೀಡ್ ಸೆನ್ಸರ್ ಇರುತ್ತದೆ. ಅದರ ಎದುರು, ಸಾಮಾನ್ಯವಾಗಿ ಡ್ರೈವ್ ಶಾಫ್ಟ್ ಅಥವಾ ಹಬ್ಬಿನ ಮೇಲೆ, ಹಲ್ಲುಗಳಿರುವ ಒಂದು ಉಕ್ಕಿನ ಬಳೆ ತಿರುಗುತ್ತದೆ. ಅದಕ್ಕೆ ಟೋನ್ ರಿಂಗ್ ಎನ್ನುತ್ತೇವೆ. ಹಲ್ಲುಗಳು ಸೆನ್ಸರಿನ ಮುಂದೆ ಹಾದು ಹೋಗುವ ವೇಗದಿಂದ ಚಕ್ರದ ವೇಗವನ್ನು ಯೂನಿಟ್ ತಿಳಿಯುತ್ತದೆ. ಹಳೆಯ ಬಗೆಯ ಸೆನ್ಸರ್ ಒಂದು ಸುರುಳಿ ಮತ್ತು ಅಯಸ್ಕಾಂತ ಅಷ್ಟೇ. ಚಕ್ರ ವೇಗವಾಗಿ ತಿರುಗಿದಷ್ಟೂ ಅದರ ಸಂಕೇತ ಬಲವಾಗುತ್ತದೆ, ನಿಧಾನವಾದರೆ ಕ್ಷೀಣಿಸುತ್ತದೆ. ಸೆನ್ಸರಿಗೂ ಹಲ್ಲಿಗೂ ನಡುವಿನ ಸಂದು ಸ್ವಲ್ಪ ಹೆಚ್ಚಾದರೂ, ಸೆನ್ಸರಿನ ತುದಿಗೆ ಕೊಳೆ ಹತ್ತಿದರೂ, ಕ್ಷೀಣವಾದ ಆ ಸಂಕೇತ ಕಾರು ನಿಲ್ಲುವ ಮೊದಲೇ ಸತ್ತುಹೋಗುತ್ತದೆ. ಮೂರು ಚಕ್ರ ಹತ್ತು ಕಿಲೋಮೀಟರ್ ವೇಗದಲ್ಲಿವೆ, ಒಂದು ಮಾತ್ರ ಸೊನ್ನೆ ತೋರಿಸುತ್ತಿದೆ ಎಂದಾಗ ಯೂನಿಟ್ ಏನೆಂದುಕೊಳ್ಳಬೇಕು? ಆ ಚಕ್ರ ಬಿಗಿದು ಜಾರುತ್ತಿದೆ ಎಂದುಕೊಂಡು ಅದರ ಬ್ರೇಕಿನ ಒತ್ತಡವನ್ನು ಬಿಡುತ್ತದೆ. ನಿಮ್ಮ ಪಾದಕ್ಕೆ ಸಿಗುವ ನಡುಕ ಅದೇ. ಯೂನಿಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಅದಕ್ಕೆ ತಪ್ಪು ಸುದ್ದಿ ಹೋಗುತ್ತಿದೆ. ಸೆನ್ಸರಿನ ಹಲವು ಪಟ್ಟು ಬೆಲೆಯ ಯೂನಿಟ್ ಬದಲಿಸಿದರೆ ಹೊಸದೂ ಇದನ್ನೇ ಮಾಡುತ್ತದೆ.

ಹಾಗಾಗಿ ಯಾವ ಚಕ್ರ ಎಂಬುದು ಗೊತ್ತಾಗುವವರೆಗೆ ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳಬೇಡಿ.

ಎಬಿಎಸ್ ಓದಬಲ್ಲ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ. ಮೊಬೈಲ್‌ಗೆ ಜೋಡಿಸುವ ಅಗ್ಗದ ಉಪಕರಣಗಳು ಬಹುಪಾಲು ಎಂಜಿನ್ನಿನ ದೋಷಗಳನ್ನಷ್ಟೇ ಓದುತ್ತವೆ. ದೋಷದ ಕೋಡ್ ಬರೆದುಕೊಳ್ಳದೆ ಅಳಿಸಲು ಬಿಡಬೇಡಿ. ಸ್ಕ್ಯಾನರ್ ಜೋಡಿಸಿದ ಕೂಡಲೇ ಎಲ್ಲವನ್ನೂ ಅಳಿಸಿ 'ಈಗ ಸರಿಯಾಯಿತು' ಎನ್ನುವ ಅಭ್ಯಾಸ ಕೆಲವರಿಗಿದೆ; ಅಳಿಸಿದ್ದು ದೋಷವನ್ನಲ್ಲ, ಅದರ ದಾಖಲೆಯನ್ನು. ಕೋಡ್ ಸಿಗದಿದ್ದರೂ ಚಿಂತೆಯಿಲ್ಲ. ನೇರವಾದ, ವಾಹನ ಸಂಚಾರ ಕಡಿಮೆ ಇರುವ ರಸ್ತೆಯಲ್ಲಿ ನಾಲ್ಕೂ ಚಕ್ರಗಳ ವೇಗವನ್ನು ಪರದೆಯ ಮೇಲೆ ಒಟ್ಟಿಗೆ ಇಟ್ಟು, 30ರಿಂದ ಮೆಲ್ಲಗೆ ನಿಲ್ಲಿಸುತ್ತ ಬರಬೇಕು. ಓಡಿಸುವವರು ಒಬ್ಬರು, ಪರದೆ ನೋಡುವವರು ಇನ್ನೊಬ್ಬರು. ಉಳಿದವು 8, 7, 6 ಎಂದು ಇಳಿಯುವಾಗ ಒಂದು ಚಕ್ರ ತಟ್ಟನೆ ಸೊನ್ನೆಗೆ ಬಿದ್ದರೆ ಅಪರಾಧಿ ಸಿಕ್ಕಿಬಿದ್ದಂತೆ.

ಈಗ ಆ ಚಕ್ರ ಬಿಚ್ಚಿಸಿ, ನೀವೂ ಪಕ್ಕದಲ್ಲಿ ನಿಂತು ನೋಡಿ. ಸೆನ್ಸರ್ ಹೊರತೆಗೆದಾಗ ಅದರ ತುದಿಯಲ್ಲಿ ಕಾಡಿಗೆಯಂತಹ ಕಪ್ಪು ಲೇಪ ಕಾಣಬಹುದು. ಅದು ಬರೀ ಕೆಸರಲ್ಲ. ಬ್ರೇಕ್ ಡಿಸ್ಕ್ ಸವೆದು ಉದುರಿದ ಕಬ್ಬಿಣದ ಪುಡಿಯನ್ನು ಸೆನ್ಸರಿನ ಅಯಸ್ಕಾಂತ ಎಳೆದುಕೊಂಡಿರುತ್ತದೆ. ಬೆರಳಿನಲ್ಲಿ ಉಜ್ಜಿದರೆ ಸಣ್ಣಗೆ ತರಿತರಿ ಎನ್ನುತ್ತದೆ. ಬಟ್ಟೆಯಿಂದ ಒರೆಸಿದರೆ ಸಾಕು. ಬಳಿಕ ಚಕ್ರವನ್ನು ಕೈಯಿಂದ ತಿರುಗಿಸುತ್ತ ಟಾರ್ಚ್ ಹಿಡಿದು ಟೋನ್ ರಿಂಗಿನ ಸುತ್ತ ಪೂರ್ತಿ ನೋಡಬೇಕು. ತೋಟದ ರಸ್ತೆಯ ಕಾರುಗಳಲ್ಲಿ ರಿಂಗಿನ ಅಡಿಯಲ್ಲಿ ತುಕ್ಕು ಉಬ್ಬಿ ರಿಂಗನ್ನೇ ಸೀಳಿಬಿಡುತ್ತದೆ. ಆ ಬಿರುಕು ಕೂದಲೆಳೆಯಷ್ಟೇ ಇರಬಹುದು, ಮಣ್ಣು ತೊಳೆಯದೆ ಕಾಣುವುದಿಲ್ಲ. ಬಿರುಕಿರುವ ಕಡೆ ಹಲ್ಲುಗಳ ಅಂತರ ಹೆಚ್ಚಾಗಿ, ಚಕ್ರ ಸುತ್ತಿದಾಗಲೆಲ್ಲ ಒಂದು ಮುಗ್ಗರಿಕೆ ದಾಖಲಾಗುತ್ತದೆ. ರಿಂಗ್ ಬದಲಿಸುವುದೇ ದಾರಿ. ಅಂಟು ಹಾಕಲು ಒಪ್ಪಬೇಡಿ. ಹಾಗೆಯೇ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗ್ ಸಡಿಲವಾಗಿದೆಯೇ ನೋಡಿ, ಸಡಿಲವಿದ್ದರೆ ಸಂದು ಕ್ಷಣಕ್ಕೊಂದು ತರಹ ಇರುತ್ತದೆ.

ಸೆನ್ಸರ್ ತುಕ್ಕಿನಲ್ಲಿ ಕಚ್ಚಿಕೊಂಡಿದ್ದರೆ ಇಕ್ಕಳದಿಂದ ಎಳೆಯಕೂಡದು, ತಲೆ ಮುರಿದು ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಕಾದು, ಅತ್ತಿತ್ತ ಮೆಲ್ಲಗೆ ತಿರುಗಿಸಿ ತೆಗೆಯಬೇಕು. ಕೂರುವ ಜಾಗದ ತುಕ್ಕನ್ನೂ ಕೆರೆಯಬೇಕು. ಅಲ್ಲಿ ತುಕ್ಕು ಉಬ್ಬಿದರೆ ಸೆನ್ಸರ್ ಹಲ್ಲುಗಳಿಂದ ದೂರ ಸರಿಯುತ್ತದೆ.

ದೀಪ ಹತ್ತುವ ದಿನಗಳು ಮಳೆಯ ದಿನಗಳೇ ಅಥವಾ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗಲೇ ಎಂದು ಗಮನಿಸಿ, ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ. ಮಳೆಯಾದರೆ ಕನೆಕ್ಟರಿನೊಳಗೆ ನೀರು ಮತ್ತು ಹಸಿರು ಕಿಲುಬು. ತಿರುವಾದರೆ ಶಾಕ್ ಅಬ್ಸಾರ್ಬರ್ ಪಕ್ಕದಲ್ಲಿ ಬಾಗುವ ವೈರಿನ ಒಳಗಿನ ತಂತಿ ತುಂಡಾಗಿರುತ್ತದೆ, ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಕಾಣುತ್ತದೆ. ಎರಡು ತಂತಿಯ ಹಳೆಯ ಬಗೆಯ ಸೆನ್ಸರಾದರೆ ಇಗ್ನಿಷನ್ ಬಂದ್ ಮಾಡಿ, ಕನೆಕ್ಟರ್ ಕಳಚಿ, ಮಲ್ಟಿಮೀಟರ್ ಇಟ್ಟು ವೈರನ್ನು ಬಾಗಿಸುತ್ತ ಅಳೆಯಬೇಕು. ಸಾಮಾನ್ಯವಾಗಿ ಸಾವಿರ ಓಮ್ ಆಸುಪಾಸು ಇರುತ್ತದೆ. ಎದುರು ಬದಿಯ ಸೆನ್ಸರಿನ ಅಳತೆಯೊಂದಿಗೆ ಹೋಲಿಸಿ. ಬಾಗಿಸಿದಾಗ ಅಂಕಿ ಹಾರಿದರೆ ವೈರ್ ಸತ್ತಿದೆ. ಹೊಸ ಬಗೆಯ ಸೆನ್ಸರುಗಳಿಗೆ ಈ ಓಮ್ ಪರೀಕ್ಷೆ ಹೊಂದುವುದಿಲ್ಲ, ಅವನ್ನು ಸ್ಕ್ಯಾನರಿನಲ್ಲಿಯೇ ನೋಡಬೇಕು. ಕೆಸರು ಸಿಡಿಯುವ ಆ ಜಾಗದಲ್ಲಿ ವೈರ್ ಹೊಸೆದು ಟೇಪ್ ಸುತ್ತಿದರೆ ಮುಂದಿನ ಮಳೆಗೆ ಮತ್ತೆ ಇದೇ ಕಥೆ. ವೈರ್ ಸಮೇತ ಬರುವ ಹೊಸ ಸೆನ್ಸರ್ ಹಾಕಿಸಿ.

ಫ್ಯೂಸ್ ಕೀಳುವ ಮಾತು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಅನೇಕ ಕಾರುಗಳಲ್ಲಿ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ಇಬಿಡಿಯೂ ಅದೇ ಯೂನಿಟ್ಟಿನಲ್ಲಿದೆ. ಅದು ಹೋದರೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಮೊದಲು ಬಿಗಿದು ಕಾರಿನ ಹಿಂಭಾಗ ತಿರುಗಬಹುದು. ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ಅದನ್ನು ಊಹಿಸಿಕೊಳ್ಳಲೂ ನನಗೆ ಇಷ್ಟವಿಲ್ಲ. ರಿಪೇರಿಯಾಗುವವರೆಗೆ ಘಾಟಿ ಇಳಿಯಬೇಡಿ, ಧರ್ಮಸ್ಥಳಕ್ಕೆ ಬಸ್ಸಿನಲ್ಲಿ ಹೋಗಿ ಬನ್ನಿ. ಎಬಿಎಸ್ ದೀಪದ ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಊರೊಳಗೂ ಓಡಿಸಬೇಡಿ. ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಇಳಿದಿದೆಯೇ, ಬ್ರೇಕ್ ಆಯಿಲ್ ಮಟ್ಟ ಸರಿಯಿದೆಯೇ ನೋಡಿ ಮೆಕ್ಯಾನಿಕ್‌ನನ್ನು ಕರೆಸಿ.

ಪ್ರಶ್ನೆ: ಭಾನುವಾರ ಮಾತ್ರ ಕಾರು ತೆಗೆಯುತ್ತೇನೆ. ಸ್ಟಾರ್ಟ್ ಮಾಡಿದಾಗ ಎಬಿಎಸ್ ದೀಪ ಕೂಡಲೇ ಆರುವುದಿಲ್ಲ, ಸ್ವಲ್ಪ ಹೊತ್ತಿನ ನಂತರ ತಾನಾಗಿ ಆರುತ್ತದೆ. ಬ್ರೇಕ್ ಸರಿಯಿದೆ.
— ಬ್ಯಾಂಕ್ ನೌಕರ, ಹಾಸನ

ಉತ್ತರ: ಮೊದಲು ಬ್ಯಾಟರಿ ಪರೀಕ್ಷಿಸಿ ಸಾರ್. ವೋಲ್ಟೇಜ್ ಸುಮಾರು 10ಕ್ಕಿಂತ ಕೆಳಗಿಳಿದರೆ ಎಬಿಎಸ್ ಯೂನಿಟ್ ಕೆಲಸ ನಿಲ್ಲಿಸುತ್ತದೆ. ನಿಂತ ಕಾರಿನಲ್ಲಿ 12.6 ಆಸುಪಾಸು, ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಟರ್ಮಿನಲ್ ಮತ್ತು ಅರ್ತ್ ವೈರ್ ಉಜ್ಜಿ ಬಿಗಿ ಮಾಡಿಸಿ. ಇಷ್ಟೂ ಸರಿಯಿದ್ದು ದೀಪ ಮುಂದುವರಿದರೆ ಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ಹಳೆಯ ಕಾರೊಂದನ್ನು ಕೊಳ್ಳಲಿದ್ದೇನೆ. ಎಬಿಎಸ್ ಇದೆ, ದೀಪ ಎಂದೂ ಹತ್ತಿಲ್ಲ ಎನ್ನುತ್ತಾರೆ. ನಂಬಬಹುದೇ?
— ಓದುಗರು, ಬೇಲೂರು

ಉತ್ತರ: ದೀಪ 'ಎಂದೂ' ಹತ್ತದಿದ್ದರೆ ಅದೇ ಅನುಮಾನಕ್ಕೆ ಕಾರಣ. ಕೀಲಿ ತಿರುಗಿಸಿದಾಗ ಅದು ಕೆಲವು ಸೆಕೆಂಡ್ ಹತ್ತಿ ಆರಲೇಬೇಕು. ಹತ್ತದಿದ್ದರೆ ಬಲ್ಬ್ ಕಿತ್ತಿರಬಹುದು, ಅಥವಾ ಆ ಕಾರಿನಲ್ಲಿ ಎಬಿಎಸ್ಸೇ ಇಲ್ಲದಿರಬಹುದು. 2019ರ ಏಪ್ರಿಲ್‌ನಲ್ಲಿ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಗುವ ಮೊದಲು ಸಣ್ಣ ಕಾರುಗಳಲ್ಲಿ ಎಬಿಎಸ್ ಹೆಚ್ಚಾಗಿ ಮೇಲಿನ ಮಾದರಿಗಳಿಗಷ್ಟೇ ಸಿಗುತ್ತಿತ್ತು. ಬಾನೆಟ್ ತೆರೆದು, ಲೋಹದ ಬ್ರೇಕ್ ಕೊಳವೆಗಳು ಗುಂಪಾಗಿ ಬಂದು ಸೇರುವ ಯೂನಿಟ್ ಇದೆಯೇ ನೋಡಿ. ಇದ್ದು ದೀಪ ಹತ್ತದಿದ್ದರೆ ಸ್ಕ್ಯಾನ್ ಮಾಡಿಸದೆ ಮುಂಗಡ ಕೊಡಬೇಡಿ.